ಸಹಾಯ ಬೇಕು: ತಮ್ಮನ ರ‍್ಯಾಲಿ ಕಾರಿಗೆ ಸ್ಪಾನ್ಸರ್ ಹುಡುಕ್ತಿದೀವಿ

ಎಲ್ರಿಗೂ ನಮಸ್ಕಾರ, ನಾವು ಗೋಣಿಕೊಪ್ಪ ಕಡೆಯವ್ರು. ನನ್ನ ತಮ್ಮ ಈ ವರ್ಷ ನ್ಯಾಷನಲ್ ರ‍್ಯಾಲಿ ಓಡಿಸಿದ್ದು ಪೂರ್ತಿ ಸ್ವಂತ ದುಡ್ಡಲ್ಲಿ, ಕಾಫಿ ಮಾರಿದ್ದು ಮೆಣಸು ಮಾರಿದ್ದು ಎಲ್ಲ ಟಯರು, ಸಸ್ಪೆನ್ಷನ್ನಿಗೇ ಹೋಯ್ತು. ಎರಡು ರೌಂಡ್ ಚೆನ್ನಾಗಿ ಮುಗಿಸ್ದ, ಮೂರನೇದ್ರಲ್ಲಿ ಸ್ಟೇಜ್ (ಟೈಮ್ ಲೆಕ್ಕ ಹಾಕೋ ಓಟದ ಒಂದು ಭಾಗ) ಮಧ್ಯನೇ ಗೇರ್‌ಬಾಕ್ಸ್ ಹೋಗಿ ರಿಟೈರ್ ಆಗ್ಬೇಕಾಯ್ತು, ಅವತ್ತು ರಾತ್ರಿ ಅವ್ನು ಊಟನೇ ಮಾಡ್ಲಿಲ್ಲ. ರೋಲ್ ಕೇಜ್ (ಕಾರು ಮಗುಚಿದ್ರೆ ಒಳಗಿರೋವ್ರನ್ನ ಕಾಪಾಡೋ ಲೋಹದ ಚೌಕಟ್ಟು), ಹೆಲ್ಮೆಟ್ ಇದ್ರಲ್ಲೆಲ್ಲ ಉಳಿಸೋಕೂ ಆಗಲ್ಲ, ಜೀವದ ಪ್ರಶ್ನೆ. 2019ರಲ್ಲಿ ರ‍್ಯಾಲಿ ಡ್ರೈವರ್ ಗೌರವ್ ಗಿಲ್‌ಗೆ ಅರ್ಜುನ ಪ್ರಶಸ್ತಿ ಬಂದಾಗ (ಮೋಟಾರ್‌ಸ್ಪೋರ್ಟ್‌ಗೆ ಅದೇ ಮೊದಲು) ಇನ್ಮೇಲೆ ಸ್ಪಾನ್ಸರ್ ಸಿಗ್ತಾರೆ ಅಂದ್ಕೊಂಡಿದ್ವಿ, ನಮ್ಮಂಥವ್ರ ತನಕ ಯಾರೂ ಬರ್ಲಿಲ್ಲ. ಮಡಿಕೇರಿ, ವಿರಾಜಪೇಟೆ ಕಡೆ ಎಸ್ಟೇಟು, ಹೋಂಸ್ಟೇ ಇರೋವ್ರು ಯಾರಾದ್ರೂ ಬಾನೆಟ್ ಮೇಲೆ ಹೆಸರು ಹಾಕಿಸ್ಕೊಳ್ಳೋ ಮನಸ್ಸಿದ್ರೆ, ಇಲ್ಲ ಗೇರ್‌ಬಾಕ್ಸ್ ಬಿಚ್ಚಿ ರೆಡಿ ಮಾಡೋ ಒಳ್ಳೆ ಮೆಕ್ಯಾನಿಕ್ ಗೊತ್ತಿದ್ರೆ ದಯವಿಟ್ಟು ತಿಳಿಸಿ. ಮುಂದಿನ ಸೀಸನ್‌ಗೆ ಎಂಟ್ರಿ ಕಟ್ಟೋದಾ ಬೇಡ್ವಾ ಅಂತ ಮನೇಲಿ ಇನ್ನೂ ತೀರ್ಮಾನ ಆಗಿಲ್ಲ.