ವೀರ್ಯಾಣುಗಳ ಸಂಖ್ಯೆ ಹೆಚ್ಚಿಸಲು ಪೆಪ್ಟೈಡ್ ಚುಚ್ಚುಮದ್ದು ತೆಗೆದುಕೊಳ್ಳಬಹುದೇ?

ಪ್ರಶ್ನೆ:
ನನಗೆ 33 ವರ್ಷ. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗಿಲ್ಲ. ವೀರ್ಯ ಪರೀಕ್ಷೆಯಲ್ಲಿ ಮಿಲಿಲೀಟರಿಗೆ 90 ಲಕ್ಷ ವೀರ್ಯಾಣುಗಳಿವೆ ಎಂದು ವರದಿ ಬಂದಿದೆ. ಜಿಮ್ಮಿನ ತರಬೇತುದಾರರು ಗೊನಡೊರೆಲಿನ್ ಎಂಬ ಪೆಪ್ಟೈಡನ್ನು (ಅಮೈನೊ ಆಮ್ಲಗಳ ಚಿಕ್ಕ ಸರಪಳಿ) ಆನ್‌ಲೈನಿನಲ್ಲಿ ತರಿಸಿ ದಿನಕ್ಕೊಮ್ಮೆ ಚುಚ್ಚಿಕೊಳ್ಳಿ, ಅದು ದೇಹದಲ್ಲಿಯೇ ಇರುವ ವಸ್ತುವಾದ್ದರಿಂದ ತೊಂದರೆಯಿಲ್ಲ ಎನ್ನುತ್ತಾರೆ. ನಂಬಬಹುದೇ?

ಉತ್ತರ 1:
ದೇಹದಲ್ಲಿ ಇರುವ ವಸ್ತು ಎಂಬುದು ನಿಜ, ಆದರೆ ಅಷ್ಟಕ್ಕೇ ಅದು ನಿರಪಾಯಕಾರಿ ಎನ್ನಲಾಗದು. ಹತ್ತು ಅಮೈನೊ ಆಮ್ಲಗಳ ಈ ಹಾರ್ಮೋನು ಮಿದುಳಿನ ಹೈಪೋಥಲಮಸ್‌ನಿಂದ ಒಂದೆರಡು ಗಂಟೆಗೊಮ್ಮೆ ಬಿಟ್ಟು ಬಿಟ್ಟು ಹೊರಬಂದಾಗ ಪಿಟ್ಯೂಟರಿ ಗ್ರಂಥಿಯು ಎಲ್‌ಎಚ್ ಮತ್ತು ಎಫ್‌ಎಸ್‌ಎಚ್‌ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತದೆ, ಅವುಗಳ ಪ್ರಚೋದನೆಯಿಂದ ವೃಷಣಗಳಲ್ಲಿ ಟೆಸ್ಟೋಸ್ಟೆರಾನ್ ಮತ್ತು ವೀರ್ಯಾಣುಗಳು ತಯಾರಾಗುತ್ತವೆ. ಎಡೆಬಿಡದೆ ಕೊಟ್ಟರೆ ಆ ಗ್ರಂಥಿ ಸ್ಪಂದಿಸುವುದನ್ನೇ ನಿಲ್ಲಿಸುತ್ತದೆ. ಇದೇ ಗುಣವನ್ನು ನೆಚ್ಚಿಕೊಂಡು, ಅದೇ ಜಾತಿಯ ಲ್ಯೂಪ್ರೊಲೈಡ್ ಔಷಧವನ್ನು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಿಗೆ ಟೆಸ್ಟೋಸ್ಟೆರಾನ್ ತಗ್ಗಿಸಲೆಂದೇ ಕೊಡುತ್ತಾರೆ. ಹೈಪೋಥಲಮಸ್‌ನ ಸಂಕೇತವೇ ಇಲ್ಲದ ಕಾಲ್‌ಮನ್ ಸಿಂಡ್ರೋಮಿನಂಥ ಸ್ಥಿತಿಯಲ್ಲಿ ಗೊನಡೊರೆಲಿನ್ ಉಪಯೋಗಕ್ಕೆ ಬರುವುದುಂಟು, ಆದರೆ ಅದನ್ನು ಮೈಗೆ ಕಟ್ಟಿದ ಸಣ್ಣ ಪಂಪು ಹೊತ್ತುಹೊತ್ತಿಗೆ ಹನಿಸುತ್ತದೆ. ರಕ್ತದಲ್ಲಿ ಕೆಲವೇ ನಿಮಿಷ ನಿಲ್ಲುವ ವಸ್ತುವನ್ನು ದಿನಕ್ಕೊಮ್ಮೆ ಚುಚ್ಚಿಕೊಂಡರೆ ಆ ಲಯ ಬರುವುದಿಲ್ಲ.

ಉತ್ತರ 2:
ಮೇಲಿನವರ ಮಾತಿಗೆ ನನ್ನ ಸಹಮತವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯು ಮಿಲಿಲೀಟರಿಗೆ 1 ಕೋಟಿ 60 ಲಕ್ಷವನ್ನು ಕೆಳಗಿನ ಮಿತಿಯಾಗಿ ಕೊಡುವುದರಿಂದ ನಿಮ್ಮ ಸಂಖ್ಯೆ ಕಡಿಮೆಯೇ. ಆದರೆ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಎಂದೋ ಬಂದ ಜ್ವರದ ಪರಿಣಾಮವೂ ಇಂದಿನ ವರದಿಯಲ್ಲಿ ಕಾಣಿಸಬಹುದು. ಹಾಗಾಗಿ ಎರಡರಿಂದ ಏಳು ದಿನ ವೀರ್ಯ ಸ್ಖಲಿಸದೆ ಇದ್ದ ನಂತರ ಮರುಪರೀಕ್ಷೆ ಮಾಡಿಸಿ, ಜೊತೆಗೆ ಬೆಳಗಿನ ರಕ್ತದಲ್ಲಿ ಎಫ್‌ಎಸ್‌ಎಚ್, ಎಲ್‌ಎಚ್ ಮತ್ತು ಟೆಸ್ಟೋಸ್ಟೆರಾನ್ ನೋಡಿಸಿ. ಎಫ್‌ಎಸ್‌ಎಚ್ ಈಗಾಗಲೇ ಏರಿದ್ದರೆ ದೋಷ ಸಾಮಾನ್ಯವಾಗಿ ವೃಷಣದಲ್ಲಿಯೇ ಇರುತ್ತದೆ, ಮೇಲಿನಿಂದ ಇನ್ನಷ್ಟು ಸಂಕೇತ ಕಳಿಸಿ ಪ್ರಯೋಜನವಿಲ್ಲ. ವೃಷಣದ ರಕ್ತನಾಳಗಳು ಊದಿಕೊಳ್ಳುವ ವೆರಿಕೋಸೀಲ್ ಇದೆಯೇ ಎಂಬುದನ್ನು ಯೂರಾಲಜಿಸ್ಟ್ ಕೈಯಿಂದ ಮುಟ್ಟಿಯೇ ಹೇಳಬಲ್ಲರು.

ಇನ್ನೊಂದು ಮಾತು ಕೇಳಲೇಬೇಕು: ಆ ತರಬೇತುದಾರರು ನಿಮಗೆ ಈ ಮೊದಲೇ ಟೆಸ್ಟೋಸ್ಟೆರಾನ್ ಕೊಟ್ಟಿದ್ದಾರೆಯೇ? ಹೊರಗಿನಿಂದ ಅದು ಬಂದರೆ ಎಲ್‌ಎಚ್, ಎಫ್‌ಎಸ್‌ಎಚ್ ಕುಸಿದು ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ಕೊಟ್ಟಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ಪ್ರಶ್ನೆ ಕೇಳಿದವರು:
ಟೆಸ್ಟೋಸ್ಟೆರಾನ್ ಇಲ್ಲ, ಪ್ರೋಟೀನ್ ಪುಡಿ ಮಾತ್ರ. ಅವರು ತೋರಿಸಿದ ಪುಟ್ಟ ಸೀಸೆಯಲ್ಲಿ ಬಿಳಿ ಪುಡಿಯಿತ್ತು, ಚೀಟಿಯಲ್ಲಿ ‘ಸಂಶೋಧನೆಗೆ ಮಾತ್ರ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಉತ್ತರ 1:
ಹಾಗೆ ಬರೆದು ಮಾರುವ ಪುಡಿ ಮನುಷ್ಯರಿಗೆಂದು ಅನುಮತಿ ಪಡೆದ ಔಷಧವಲ್ಲ. ಅದರ ಪ್ರಮಾಣಕ್ಕೂ ಶುದ್ಧತೆಗೂ ಯಾರೂ ಹೊಣೆಯಲ್ಲ. ಸೀಸೆಯನ್ನು ಹಿಂದಿರುಗಿಸಿ, ಆ ಹಣದಲ್ಲಿ ಮೇಲೆ ಹೇಳಿದ ರಕ್ತಪರೀಕ್ಷೆ ಮಾಡಿಸಿ.