ಈ ವಾರದ ಸಮಸ್ಯೆ: "ಅಣ್ಣಗೆ ತಮ್ಮನೆ ಹಿರಿಯವನು"

ಪದ್ಯದಕಟ್ಟೆ:
ಎಲ್ಲರಿಗೂ ನಮಸ್ಕಾರ. ಹೋದ ವಾರ ವೃತ್ತ ಕೊಟ್ಟು ನಿಮ್ಮನ್ನ ಸುಸ್ತು ಮಾಡಿದೆ ಅಂತ ದೂರು ಬಂದಿದೆ. ಈ ಸಲ ಹಗುರ. ಶರ ಷಟ್ಪದಿ, ಆರು ಸಾಲಿನ ಪದ್ಯ. 1, 2, 4, 5ನೇ ಸಾಲಿಗೆ ನಾಲ್ಕು ಮಾತ್ರೆಯ ಎರಡು ಗಣ. 3 ಮತ್ತು 6ನೇ ಸಾಲಿಗೆ ನಾಲ್ಕು ಮಾತ್ರೆಯ ಮೂರು ಗಣ, ಕೊನೆಗೊಂದು ಗುರು. ಆರನೇ ಸಾಲು ನನ್ನದು, ಮೊದಲ ಐದು ಬರೆದು ಪದ್ಯ ಪೂರ್ತಿ ಮಾಡುವುದು ನಿಮ್ಮ ಕೆಲಸ:

ಅಣ್ಣಗೆ ತಮ್ಮನೆ ಹಿರಿಯವನು

ಆದಿಪ್ರಾಸ 'ಣ್ಣ', ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. ಬಣ್ಣ, ಸುಣ್ಣ, ಬೆಣ್ಣೆ, ಮಣ್ಣು ಎಲ್ಲ ಇದೆ, ಪದ ಸಿಗಲಿಲ್ಲ ಅನ್ನೋ ಹಾಗಿಲ್ಲ. ತಮ್ಮ ಅಣ್ಣನಿಗಿಂತ ದೊಡ್ಡವನಾಗುವುದು ಹೇಗೆ? ಅದನ್ನು ನೀವೇ ಬಿಡಿಸಿ. "ತಮ್ಮ ಎತ್ತರ ಇದ್ದ" ಅಂತ ಬರೆದವರಿಗೆ ಅರ್ಧ ಅಂಕ ಮಾತ್ರ.

ತಾಳಮದ್ದಳೆ:
ನಮ್ಮೂರ ಯಕ್ಷಗಾನ ಮೇಳದಲ್ಲಿ ಇದು ದಿನಾ ನಡೆಯುವುದೇ. ತಗೊಳ್ಳಿ:

ಬಣ್ಣದ ಮನೆಯಲಿ
ಅಣ್ಣನೆ ಲಕ್ಷ್ಮಣ
ಸಣ್ಣವ ರಾಮನ ಪಾತ್ರದಲಿ
ಬಣ್ಣಿಸೆ ಭಾಗವ-
ತಣ್ಣನು, ರಂಗದಿ
ಅಣ್ಣಗೆ ತಮ್ಮನೆ ಹಿರಿಯವನು

ಛಂದಸ್ಸುಪೊಲೀಸ್:
'ಭಾಗವತಣ್ಣ'ನನ್ನು ಎರಡು ಸಾಲಿಗೆ ಹಂಚಿ ಪ್ರಾಸ ಹೊಡೆದದ್ದು ಚೆಂದ. ಎರಡನೇ ಸಾಲಿನ ಮೊದಲಲ್ಲಿ ಸಂಧಿ ಬಿಟ್ಟಿದ್ದೀರಿ. ಹೋಗಲಿ, ಮಾಫಿ.

ಗದುಗಿನಗಾಳಿ:
ನನ್ನದು ಬರೀ ಐಡಿಯಾ, ಪದ್ಯ ಆಗಿಲ್ಲ. ಕರ್ಣ ಹಿರಿಯ. ಆದರೆ ಲೋಕದ ಕಣ್ಣಿಗೆ ಪಾಂಡವರಲ್ಲಿ ಹಿರಿಯ ಧರ್ಮರಾಯ. ಕುಂತಿ ಬಾಯಿ ಬಿಟ್ಟದ್ದು ಯುದ್ಧ ಮುಗಿದ ಮೇಲೆ, ತರ್ಪಣ ಕೊಡುವ ಹೊತ್ತಿಗೆ. ಆದರೆ 'ಕರ್ಣ' ಅಂದರೆ ಪ್ರಾಸ ಕೆಡುತ್ತೆ, ಅಲ್ವಾ?

ಛಂದಸ್ಸುಪೊಲೀಸ್:
ಕೆಡುತ್ತೆ. 'ರ್ಣ' ಬೇರೆ, 'ಣ್ಣ' ಬೇರೆ. ಅವನ ಗ್ರಹಚಾರ, ಪ್ರಾಸದಲ್ಲೂ ತಮ್ಮಂದಿರ ಜೊತೆ ಸೇರಲಿಲ್ಲ.

ಮಂಜಿನೂರು:
ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿ.

ಸುಣ್ಣದ ಗೋಡೆಯ
ಸಣ್ಣನೆ ಪಟದಲಿ
ಕಣ್ಣಿನ ನಗುವಿಗೆ ಮುಪ್ಪಿಲ್ಲ
ಹಣ್ಣಾಯಿತು ತಲೆ;
ಮಣ್ಣಲಿ ಮಲಗಿದ
ಅಣ್ಣಗೆ ತಮ್ಮನೆ ಹಿರಿಯವನು

ಛಂದಸ್ಸುಪೊಲೀಸ್:
ತಪ್ಪು ಸಿಗಲಿಲ್ಲ. ಹುಡುಕಲೂ ಇಲ್ಲ.

ಪದ್ಯದಕಟ್ಟೆ:
ನಾನು ತಮಾಷೆಗೆ ಕೊಟ್ಟ ಸಾಲು ಇದು. ಇದರೊಳಗೆ ಇಂಥದ್ದೊಂದು ಮನೆ ಇದೆ ಅಂತ ನನಗೆ ಹೊಳೆದಿರಲಿಲ್ಲ. ಯಾರು ಇವರು ಅಂತ ಕೇಳಬಹುದಾ?

ಮಂಜಿನೂರು:
ಪಟದಲ್ಲಿರುವುದು ನಮ್ಮಜ್ಜನ ಅಣ್ಣ. 1965ರ ಯುದ್ಧ. ಆಗ ಅವರಿಗೆ 24, ಅಜ್ಜನಿಗೆ 20. ಈಗ ಅಜ್ಜನಿಗೆ 80 ದಾಟಿದೆ. ನಮ್ಮದು ಕೊಡಗು. ಇಲ್ಲಿ ಸೈನ್ಯಕ್ಕೆ ಹೋಗದ ಮನೆ ಹುಡುಕಬೇಕು, ಹಾಗಾಗಿ ಪಟ ಇರುವ ಗೋಡೆಗಳೂ ಜಾಸ್ತಿ.

ಆ ವರ್ಷವೂ ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಮಾಡಿದ್ದರಂತೆ. ನಾಟಿ ಮುಗಿದ ಮೇಲೆ ಬರುವ ಆಯುಧದ ಹಬ್ಬ. ಕೋವಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಅಣ್ಣನ ಕೋವಿಗೂ ಅಜ್ಜನೇ ಹೂ ಸಿಕ್ಕಿಸಿದ್ದು. ಆಮೇಲೆ ತಂತಿ ಬಂತು.

ಒಂದು ಮಾತು ಪದ್ಯಕ್ಕೆ ಹಿಡಿಸಲಿಲ್ಲ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು. ಊರಿಗೆ ಸುದ್ದಿ ಮುಟ್ಟುವುದು ಹಾಗೆ. ತಂತಿ ಬಂದ ದಿನ ಕೋವಿ ತೆಗೆಯಲು ಹೋದರೆ ಅವ್ವ ಬಿಡಲಿಲ್ಲವಂತೆ. "ಒಂದು ಹಾರಿಸಿದ್ದು ಮಗನನ್ನ ನೋಡಿ. ಎರಡು ಹಾರಿಸಬೇಕಾದರೂ ಮಗನನ್ನ ನೋಡಬೇಕು. ಇದು ಕಾಗದ."

ಗದುಗಿನಗಾಳಿ:
ಅಯ್ಯೋ.

ಪದ್ಯದಕಟ್ಟೆ:
ಆ ಕಾಲಕ್ಕೆ ಮನೆಗೆ ಬರುತ್ತಿದ್ದದ್ದು ಹೆಚ್ಚಾಗಿ ಕಾಗದವೇ. 1965, 1971ರಲ್ಲಿ ಸತ್ತವರ ಅಂತ್ಯಕ್ರಿಯೆ ಸಾಮಾನ್ಯವಾಗಿ ಗಡಿಯ ಹತ್ತಿರವೇ ಆಗುತ್ತಿತ್ತು. ದೇಹವನ್ನು ಊರಿಗೇ ಕಳಿಸುವುದು ರೂಢಿಯಾದದ್ದು 1999ರ ಕಾರ್ಗಿಲ್‌ನಿಂದ ಈಚೆಗೆ. ತ್ರಿವರ್ಣ ಹೊದಿಸಿದ ಪೆಟ್ಟಿಗೆ, ಊರೆಲ್ಲ ಸೇರುವ ಮೆರವಣಿಗೆ, ಇದೆಲ್ಲ ನಮ್ಮ ಕಣ್ಣಿಗೆ ಅಭ್ಯಾಸವಾದದ್ದು ಆಮೇಲೆ. ಅದಕ್ಕಿಂತ ಮುಂಚಿನ ಅವ್ವಂದಿರಿಗೆ ಒಂದು ತಂತಿ, ಕೆಲವು ಸಲ ಒಂದು ಟ್ರಂಕು.

ಹೊಸಬಳು:
ನಾನು ಮಡಿಕೇರಿಗೆ ಹೋದಾಗ ದೇವಯ್ಯ ವೃತ್ತ ಅಂತ ನೋಡಿದ್ದೆ. ಪೈಲಟ್ ಪ್ರತಿಮೆ. ಅವರೂ ಅದೇ ಯುದ್ಧದವರಾ?

ಮಂಜಿನೂರು:
ಅದೇ ಯುದ್ಧ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965 ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿ. ಆದಂಪುರದಿಂದ ಮಿಸ್ಟೇರ್ ವಿಮಾನಗಳು ಹೊರಟವು. ದೇವಯ್ಯ ಇದ್ದದ್ದು ಮೀಸಲಲ್ಲಿ. ಯಾರಾದರೂ ಹಿಂದೆ ಸರಿದರೆ ಮಾತ್ರ ಹೋಗಬೇಕು. ಒಂದು ಜಾಗ ಖಾಲಿಯಾಯಿತು, ಹೋದರು.

ಮಿಸ್ಟೇರ್ ಶಬ್ದದ ವೇಗಕ್ಕಿಂತ ಕೆಳಗೆ ಹಾರುವ ಫ್ರೆಂಚ್ ವಿಮಾನ. ಎದುರಿಗೆ ಬಂದದ್ದು ಅಮೆರಿಕದ ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದ್ದು. ಅದರಿಂದ ತಪ್ಪಿಸಿಕೊಂಡು ಓಡುವುದು ಆಗದ ಮಾತು. ದೇವಯ್ಯ ತಿರುಗಿ ನಿಂತರು. ಕೊನೆಗೆ ಎರಡೂ ವಿಮಾನ ಬಿದ್ದವು. ಆ ಕಡೆಯ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಬರಲಿಲ್ಲ. ಅವರಿಗೆ 32.

ನಮ್ಮ ಕಡೆ ಈ ಕಾಳಗ ನಡೆದದ್ದೇ ಯಾರಿಗೂ ಗೊತ್ತಿರಲಿಲ್ಲ. ಹೋದವರು ಬರಲಿಲ್ಲ, ಅಷ್ಟೇ. 1979ರಲ್ಲಿ ಒಬ್ಬ ಬ್ರಿಟಿಷ್ ಲೇಖಕ ಆ ಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ ಸ್ಟಾರ್‌ಫೈಟರ್ ಬಿದ್ದ ಕಥೆ ಬಂತು. ಆಗ ಇಲ್ಲಿನವರು ಲೆಕ್ಕ ಹಾಕಿದರು: ಅಲ್ಲಿ, ಆ ಹೊತ್ತಿಗೆ ಇದ್ದವರು ಯಾರು? ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಗದುಗಿನಗಾಳಿ:
23 ವರ್ಷ! ನಾನು ಹೇಳಿದ ಕರ್ಣನ ಕಥೆಯೇ ಆಯಿತು. ಯಾರು ಅಂತ ತಿಳಿಯುವುದು ಎಲ್ಲ ಮುಗಿದ ಮೇಲೆ. ಸಮಸ್ಯೆ ಬಿಟ್ಟು ಹೊರಗೆ ಹೋಗುತ್ತೇನೆ, ಕ್ಷಮಿಸಿ. ನನಗೆ ಭಾಮಿನಿ ಷಟ್ಪದಿ ಬಿಟ್ಟರೆ ಬರುವುದಿಲ್ಲ:

ಸದ್ದು ಮಾಡದೆ ನಡೆದ ಕಾಳಗ
ಎದ್ದ ಹೊಗೆಯಲಿ ಮರೆಯೆ ಗಗನದಿ
ಸುದ್ದಿ ಬಾರದ ಮನೆಯ ಬಾಗಿಲು ತೆರೆದೆ ಇತ್ತಲ್ಲಾ
ಮುದ್ದು ಮೊಗವನು ಮರೆಯದೂರಿಗೆ
ಕದ್ದು ಬಂದಿತು ದಿಟವು ಪುಟದಲಿ
ಬಿದ್ದ ಹಕ್ಕಿಯೆ ಗೆದ್ದಿತೆನ್ನಲು ಎಷ್ಟು ವರುಷಗಳೋ

ಛಂದಸ್ಸುಪೊಲೀಸ್:
ಕೊನೆಯ ಸಾಲಿಗೆ ಕೈ ಮುಗಿದೆ. ಮೊದಲ ಸಾಲಿಗೆ ಮಾತ್ರ ದಂಡ. ಎರಡು ಜೆಟ್ ವಿಮಾನ ಹೊಡೆದಾಡಿದರೆ "ಸದ್ದು ಮಾಡದೆ" ಆಗುತ್ತದಾ ಸ್ವಾಮಿ? ಸರ್ಗೋಧಾ ಇಡೀ ಕಿವಿ ಮುಚ್ಚಿಕೊಂಡಿರುತ್ತೆ. ಪ್ರಾಸಕ್ಕೆ ಬಂತು ಅಂತ ಹಾಕಿದ್ದೀರಿ.

ಗದುಗಿನಗಾಳಿ:
ಸಿಕ್ಕಿಬಿದ್ದೆ. ಮೊದಲ ಎರಡು ಸಾಲು ಹೀಗೆ ಮಾಡಿದರೆ?

ಸದ್ದಿಗಿಂತಲು ವೇಗದವನನು
ಎದ್ದು ಕೆಡವಿತು ಮಂದ ಹಕ್ಕಿಯು

ಛಂದಸ್ಸುಪೊಲೀಸ್:
ಇದು ಸರಿ. ಈಗ 'ಸದ್ದು' ಪದ್ಯದಲ್ಲಿ ಕೆಲಸ ಮಾಡುತ್ತಿದೆ, ಸುಮ್ನೆ ಕೂತಿಲ್ಲ.

ತಾಳಮದ್ದಳೆ:
"ಮಂದ ಹಕ್ಕಿ" ಅಂದದ್ದು ನನಗೆ ಹಿಡಿಸಿತು. ವೀರರ ಪದ್ಯ ಅಂದರೆ ಸಿಂಹ, ಹುಲಿ, ಸಿಡಿಲು ಅಂತ ಶುರು ಮಾಡಿಬಿಡುತ್ತೇವೆ. ನಾನೂ ಮಾಡಿದ್ದೇನೆ. ಆಗಸ್ಟ್ 15ಕ್ಕೆ ಒಂದು, ಜನವರಿ 26ಕ್ಕೆ ಒಂದು. ಅದರಲ್ಲಿ ಹುಡುಗ ಕಾಣುವುದೇ ಇಲ್ಲ, ಬರೀ ಗರ್ಜನೆ.

ಹೊಸಬಳು:
ನನಗೂ ಒಂದು ಹೊಳೆಯಿತು. ಕ್ಯಾಪ್ಟನ್ ವಿಕ್ರಮ್ ಬಾತ್ರಾ, ಹಿಮಾಚಲದ ಪಾಲಂಪುರದವರು. ಕಾರ್ಗಿಲ್‌ನಲ್ಲಿ ಪಾಯಿಂಟ್ 4875ರಲ್ಲಿ 1999 ಜುಲೈ 7ರಂದು ತೀರಿಕೊಂಡರು, 24 ವರ್ಷ. ಪರಮವೀರ ಚಕ್ರ ಎಲ್ಲರಿಗೂ ಗೊತ್ತು. ಅವರು ಅವಳಿ ಅಂತ ಕೆಲವರಿಗಷ್ಟೇ ಗೊತ್ತು. ತಮ್ಮನಿಗಿಂತ 14 ನಿಮಿಷ ಮೊದಲು ಹುಟ್ಟಿದವರು. ಅಂದರೆ ಅಣ್ಣ ಅನ್ನಿಸಿಕೊಂಡದ್ದು ಬರೀ 14 ನಿಮಿಷಕ್ಕೆ. ತಮ್ಮ ಈಗ ಐವತ್ತರ ಆಸುಪಾಸು.

ಕಣ್ಣೆವೆ ಇಕ್ಕುವ
ಸಣ್ಣನೆ ಗಳಿಗೆಗೆ
ಅಣ್ಣನು ಎನಿಸಿದ ಅವಳಿಯವ
ತಣ್ಣನೆ ಬೆಟ್ಟದಿ
ಕಣ್ಣನು ಮುಚ್ಚಿದ
ಅಣ್ಣಗೆ ತಮ್ಮನೆ ಹಿರಿಯವನು

'ಕಣ್ಣು' ಎರಡು ಸಲ ಬಂದಿದೆ, ಗೊತ್ತು. ಬೇರೆ ಪದ ಹಾಕಿದರೆ ಪದ್ಯ ಸತ್ತುಹೋಗುತ್ತೆ ಅನ್ನಿಸಿತು.

ಛಂದಸ್ಸುಪೊಲೀಸ್:
ಇರಲಿ ಬಿಡಿ. ಮೊದಲನೆಯದು ಮಿಟುಕುವ ಕಣ್ಣು, ಎರಡನೆಯದು ಮುಚ್ಚಿದ ಕಣ್ಣು. ನೀವು ಬೇಕಂತಲೇ ಮಾಡಿದ್ದು ಅಂತ ಹೇಳಬೇಕಿತ್ತು. ನಾನು ನಂಬುತ್ತಿದ್ದೆ.

ಪದ್ಯದಕಟ್ಟೆ:
ಅವಳಿಯ ಮಾತು ಬಂದದ್ದು ಒಳ್ಳೆಯದಾಯಿತು. ಕನ್ನಡಿಯಲ್ಲಿ ನೋಡಿಕೊಂಡರೆ ಅಣ್ಣ ಇದ್ದಿದ್ದರೆ ಹೇಗಿರುತ್ತಿದ್ದ ಅಂತ ಕಾಣುತ್ತೆ ಆ ತಮ್ಮನಿಗೆ. ಮಂಜಿನೂರು ಅವರ ಅಜ್ಜನಿಗೆ ಅದೂ ಇಲ್ಲ.

ಮಂಜಿನೂರು, ಒಂದು ಕೇಳಲೇ? ಅಜ್ಜ ಆ ಪಟವನ್ನ ಈಗ ಏನಂತ ಕರೆಯುತ್ತಾರೆ? ಮೊಮ್ಮಗನ ವಯಸ್ಸಿನ ಹುಡುಗ ಅಲ್ವಾ ಅಲ್ಲಿರುವುದು?

ಮಂಜಿನೂರು:
ನನಗಿಂತ ಚಿಕ್ಕವನು ಅಲ್ಲಿರುವುದು. ನನಗೇ 31. ಚಿಕ್ಕಂದಿನಲ್ಲಿ ಆ ಪಟ ನೋಡಿ "ದೊಡ್ಡಜ್ಜ" ಅನ್ನುತ್ತಿದ್ದೆ. ಕಾಲೇಜಿಗೆ ಬಂದಾಗ ಗೆಳೆಯನ ಹಾಗೆ ಕಾಣುತ್ತಿದ್ದರು. ಈಗ ನೋಡಿದರೆ, ಇಷ್ಟು ಎಳೆಯ ಹುಡುಗನನ್ನ ಕಳಿಸಿದ್ದರಾ ಅನ್ನಿಸುತ್ತೆ.

ಅಜ್ಜ ಅಣ್ಣ ಅಂತಲೇ ಕರೆಯುತ್ತಾರೆ. ನಮ್ಮಲ್ಲಿ ದೊಡ್ಡವರ ಕಾಲು ಮುಟ್ಟುವುದು ಬಿಡುವ ಹಾಗಿಲ್ಲ. ಹಬ್ಬದ ದಿನ ಮನೆಯವರೆಲ್ಲ ಅಜ್ಜನ ಕಾಲು ಮುಟ್ಟುತ್ತೇವೆ. ಅಜ್ಜನಿಗೆ ಮುಟ್ಟಲು ಯಾರೂ ಉಳಿದಿಲ್ಲ. ಎಲ್ಲ ಮುಗಿದ ಮೇಲೆ ಅವರು ನಿಧಾನಕ್ಕೆ ಎದ್ದು ನಡುಮನೆಗೆ ಹೋಗುತ್ತಾರೆ. ಪಟ ಎತ್ತರದಲ್ಲಿದೆ, ಕೈ ಎಟುಕುವುದಿಲ್ಲ. ಅದರ ಕೆಳಗಿನ ನೆಲ ಮುಟ್ಟುತ್ತಾರೆ. ಮೊಣಕಾಲು ಹಿಡಿಯುತ್ತೆ, ಎಬ್ಬಿಸುವುದು ನನ್ನ ಕೆಲಸ.

ಪದ್ಯದಕಟ್ಟೆ:
ನನ್ನ ಸಮಸ್ಯೆಗೆ ನಾನೇ ಪೂರಣ ಬರೆಯಬಾರದು ಅನ್ನೋದು ಇಲ್ಲಿನ ನಿಯಮ. ನಾನೇ ಮಾಡಿದ್ದು. ಇವತ್ತು ಮುರಿಯುತ್ತೇನೆ.

ಎಣ್ಣೆಯ ದೀಪವ
ಸಣ್ಣಗೆ ಹಚ್ಚುತ
ಉಣ್ಣದ ಪಟಕೂ ಎಡೆಯಿಟ್ಟು
ಅಣ್ಣಾ ಎನ್ನುತ
ಮಣ್ಣಿಗೆ ಬಾಗಿದ;
ಅಣ್ಣಗೆ ತಮ್ಮನೆ ಹಿರಿಯವನು

ತಾಳಮದ್ದಳೆ:
ಈ ವಾರ ಅಂಕ ಬೇಡ.

ಛಂದಸ್ಸುಪೊಲೀಸ್:
ಬೇಡ.

ಮಂಜಿನೂರು:
ಅಜ್ಜನಿಗೆ ಕನ್ನಡ ಓದಲು ಈಗ ಕಣ್ಣು ಸಾಲದು. ಬೆಳಿಗ್ಗೆ ಕಾಫಿ ಹೊತ್ತಿಗೆ ಓದಿ ಹೇಳಿದೆ, ಎಲ್ಲ ಪದ್ಯಗಳನ್ನೂ. ಯಕ್ಷಗಾನದ್ದಕ್ಕೆ ನಕ್ಕರು. ಕೊನೆಯದನ್ನ ಇನ್ನೊಮ್ಮೆ ಓದಿಸಿದರು. ಆಮೇಲೆ ಕೇಳಿದ್ದು ಇಷ್ಟೇ: "ಎಡೆಗೆ ಏನಿಟ್ಟರಂತೆ? ಅವನಿಗೆ ಕಡಂಬಿಟ್ಟು ಅಂದರೆ ಪ್ರಾಣ, ಅದನ್ನ ಬರೆಯಲು ಹೇಳು."

ಛಂದಸ್ಸುಪೊಲೀಸ್:
ಕಡಂಬಿಟ್ಟು. ನಾಲ್ಕಕ್ಕೆ ಒಡೆಯಲು ಬರುವುದಿಲ್ಲ, 'ಣ್ಣ'ನೂ ಇಲ್ಲ. ಯಾರಾದರೂ ಹೇಗಾದರೂ ಮಾಡಿ ಕೂರಿಸಿ.