‘ಸೆಟಲ್‌ಮೆಂಟ್’ಗೆ ಒಪ್ಪಿಕೊಳ್ಳಲಾ?

ಪ್ರಶ್ನೆ: ಕೆಲಸ ಹೋದಾಗ ಉಳಿದ ಕ್ರೆಡಿಟ್ ಕಾರ್ಡ್ ಬಾಕಿ 48,000. ಬಡ್ಡಿ ಸೇರಿ ಈಗ 92,000. ರಿಕವರಿಯವನು ದಿನಾ ಫೋನ್ ಮಾಡಿ, ‘40,000 ಕಟ್ಟಿ, ಮುಗಿಸಿಬಿಡೋಣ ಸಾರ್’ ಅನ್ನುತ್ತಾನೆ. ಮುಂದಿನ ವರ್ಷ ಮನೆ ಸಾಲ ಬೇರೆ ಬೇಕು.

ಉತ್ತರ: ಅವಸರ ಬೇಡ. ಕಡಿಮೆ ಕಟ್ಟಿದರೆ ಸಿಬಿಲ್‌ನಲ್ಲಿ (ನಮ್ಮ ಸಾಲದ ಇತಿಹಾಸದ ದಾಖಲೆ) ‘ಸೆಟಲ್ಡ್’, ಅಂದರೆ ಪೂರ್ತಿ ಕಟ್ಟದೆ ಮುಗಿಸಿದ್ದು ಅಂತ ಬೀಳುತ್ತದೆ. ಮನೆ ಸಾಲ ಕೊಡುವವರಿಗೆ ಅದು ಕಣ್ಣಿಗೆ ಹೊಡೆಯುತ್ತದೆ. ನನಗೂ ಹೀಗೇ ಆಗಿತ್ತು. ‘ಅಸಲು ಪೂರ್ತಿ ಕಟ್ಟುತ್ತೇನೆ, ಬಡ್ಡಿ ಬಿಟ್ಟು ‘ಕ್ಲೋಸ್ಡ್’ ಅಂತ ಹಾಕಿ’ ಎಂದು ನಾನು ಬ್ಯಾಂಕಿಗೇ ಮೇಲ್ ಹಾಕಿದೆ. ಮೂರು ಸಲ ಆಗಲ್ಲ ಅಂದರು. ಮಾರ್ಚ್ ಕೊನೇ ವಾರ ಒಪ್ಪಿದರು! ಒಪ್ಪಿಗೆ ಪತ್ರ ಕೈಗೆ ಬರುವ ತನಕ ಒಂದು ರೂಪಾಯಿ ಬಿಚ್ಚಲಿಲ್ಲ.

ಇನ್ನೊಂದು ಉತ್ತರ: ಏಜೆಂಟ್ ಕೈಗೆ ದುಡ್ಡು ಕೊಡಬೇಡಿ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವ ಹಾಗೂ ಇಲ್ಲ, ಆರ್‌ಬಿಐ ನಿಯಮ.

ಕೇಳಿದವರು: ನಿನ್ನೆ ರಾತ್ರಿ 9ಕ್ಕೆ ಮಾಡಿದ್ದ! ಸ್ಕ್ರೀನ್‌ಶಾಟ್ ಇದೆ.